ಆರ್ಕೆಸ್ಟ್ರಾಗೆ ದುಡ್ಡಿದೆ, ಒಂದು ನೋಟ್‌ಬುಕ್‌ಗೆ ಇಲ್ವಾ?

1/8
ಫೋಟೋದಲ್ಲಿ ಇರೋದು ನಮ್ಮನೆ ಗೌರಿ. ಕುತ್ತಿಗೆ ಹತ್ರ ಜೂಮ್ ಮಾಡಿ ನೋಡಿ. ಆ ದುಂಡು ದುಂಡು ಕಲೆ ಹುಟ್ಟಿನಿಂದ ಬಂದದ್ದಲ್ಲ, 2022ರ ದೀಪಾವಳಿದು.

ಈಗ ಮತ್ತೆ ಜಾತ್ರೆ, ದನಗಳ ಪ್ರದರ್ಶನ, ಹಾಲು ಕರೆಯೋ ಸ್ಪರ್ಧೆಯ ಸೀಸನ್. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಕಡೆಯ ಪೋಸ್ಟರ್ ನಿಮ್ಮೆಲ್ಲರ ಸ್ಟೇಟಸ್‌ನಲ್ಲಿ ಓಡ್ತಿದೆ. ಒಂದರಲ್ಲೂ ದನದ ಆರೋಗ್ಯದ ಬಗ್ಗೆ ಒಂದು ಸಾಲಿಲ್ಲ. ಅದಕ್ಕೇ ಬರೀತಿದ್ದೀನಿ. ಉದ್ದ ಇದೆ, ಆದ್ರೂ ಪೂರ್ತಿ ಓದಿ ಮಾರಾಯ್ರೆ.

2/8
ಮೊದಲು ನಮ್ಮ ತಪ್ಪು ಹೇಳ್ತೀನಿ. ಆ ವರ್ಷ ಗೋಪೂಜೆಗೆ ಎರಡು ದಿನ ಮುಂಚೆ ಗೌರಿಯ ಕುತ್ತಿಗೆಯಲ್ಲಿ ನಾಲ್ಕೈದು ಗಂಟು ಎದ್ದಿತ್ತು. ಮೈ ಬಿಸಿ, ಮೇವು ಮುಟ್ಟಿರಲಿಲ್ಲ. ಅಪ್ಪ ಅಂದಿದ್ದು ಒಂದೇ ಮಾತು: "ಹಬ್ಬ ಮುಗೀಲಿ, ಆಮೇಲೆ ಡಾಕ್ಟ್ರಿಗೆ ಹೇಳಣ." ಅಪ್ಪನ ಭಯ ನನಗೆ ಗೊತ್ತಿತ್ತು. ಸುದ್ದಿ ಹಬ್ಬಿದ್ರೆ ಹಾಲು ಯಾರು ತಗೋತಾರೆ?

ಗಂಟು ಕಾಣದ ಹಾಗೆ ಚೆಂಡು ಹೂವಿನ ಹಾರ ಹಾಕಿದವಳು ನಾನೇ. ಪೂಜೆ ಮುಗಿಸಿ ಎಲ್ಲರ ದನದ ಜೊತೆ ಬ್ಯಾಣಕ್ಕೆ ಬಿಟ್ವಿ. ಹತ್ತು ಹನ್ನೆರಡು ದಿನದಲ್ಲಿ ಪಕ್ಕದ ಮನೆ ಅತ್ತೆಯ ಕರುಗೆ ಮೈತುಂಬ ಗಂಟು. ಗೌರಿ ಉಳಿದಳು, ಆ ಕರು ಉಳೀಲಿಲ್ಲ. ನಮ್ಮಿಂದಲೇ ಬಂತಾ ಅಂತ ಸಾಬೀತು ಮಾಡಕ್ಕಾಗಲ್ಲ. ಅತ್ತೆ ಜಗಳವೂ ಆಡ್ಲಿಲ್ಲ. "ಒಂದ್ ಮಾತು ಹೇಳಿದ್ರೆ ನನ್ ಕರೂನ ಕೊಟ್ಟಿಗೇಲೇ ಕಟ್ತಿದ್ನಲ್ಲೇ" ಅಂದ್ರು, ಅಷ್ಟೇ. ಬೈದಿದ್ರೇ ವಾಸಿ ಇತ್ತು.

3/8
ಅದು ಚರ್ಮಗಂಟು ರೋಗ. ಭಾರತದಲ್ಲಿ ಮೊದಲು ಕಂಡಿದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಗುಜರಾತ್, ರಾಜಸ್ಥಾನವನ್ನು ಕಂಗೆಡಿಸಿ ನಮ್ಮ ರಾಜ್ಯಕ್ಕೂ ಹಬ್ಬಿತು. ಮನುಷ್ಯರಿಗೆ ಬರಲ್ಲ. ಕಚ್ಚೋ ನೊಣ, ಸೊಳ್ಳೆ, ಉಣ್ಣೆ ಇದನ್ನು ದನದಿಂದ ದನಕ್ಕೆ ದಾಟಿಸ್ತವೆ. ಆದ್ರೆ ಸೊಳ್ಳೆ ಒಂದೇ ಹಾರಾಟಕ್ಕೆ ಜಿಲ್ಲೆ ದಾಟಲ್ಲ. ರೋಗ ಇರೋ ದನ ಲಾರಿ ಹತ್ತಿದ್ರೆ ರಾತ್ರೋರಾತ್ರಿ ಮೂರು ಜಿಲ್ಲೆ ದಾಟುತ್ತೆ.

ಅದಕ್ಕೇ ಆ ವರ್ಷ ರಾಜ್ಯದಲ್ಲಿ ದನದ ಸಂತೆ, ಜಾತ್ರೆ, ಸಾಗಾಣಿಕೆಗೆ ನಿಷೇಧ ಬಂತು. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೂ ತಡೆ ಬಿತ್ತು. ಮಗಳ ಮದುವೆಗೆ, ಸಾಲಕ್ಕೆ ಅಂತ ಎತ್ತು ಮಾರಕ್ಕೆ ಕಾಯ್ತಿದ್ದವರ ಕಥೆ ಏನಾಯ್ತು, ಯೋಚಿಸಿ.

4/8
ಈಗ ಸ್ವಲ್ಪ ದೂರ ಹೋಗೋಣ. ಆಸ್ಟ್ರೇಲಿಯಾ, ಆಗಸ್ಟ್ 2007. ಅಲ್ಲಿ ಅದುವರೆಗೂ ಕುದುರೆ ಜ್ವರ, ಅಂದ್ರೆ ಕುದುರೆಗಳ ಇನ್‌ಫ್ಲುಯೆಂಜಾ, ಇರಲೇ ಇಲ್ಲ. ಹೊರದೇಶದಿಂದ ಬಂದ ಕುದುರೆಗಳನ್ನು ಸಿಡ್ನಿ ಹತ್ತಿರ ಕ್ವಾರಂಟೈನ್‌ನಲ್ಲಿ ಇಟ್ಟಿದ್ದರು. ಸರಿಯಾಗಿ ತೊಳೆದುಕೊಳ್ಳದ ಯಾರದೋ ಮೈ, ಬಟ್ಟೆ ಅಥವಾ ಸಲಕರಣೆಯ ಜೊತೆ ವೈರಸ್ ಹೊರಗೆ ಬಂದಿರಬೇಕು ಅಂತ ಆಮೇಲೆ ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ತನಿಖೆ ಹೇಳಿತು.

ಮೇಟ್‌ಲೆಂಡ್ ಊರಿನ ಹತ್ತಿರ ಒಂದು ಕುದುರೆ ಸ್ಪರ್ಧೆ ನಡೀತು. ಅಲ್ಲಿ ಸೇರಿದ ಕುದುರೆಗಳು ತಂತಮ್ಮ ಊರಿಗೆ ರೋಗ ಹೊತ್ಕೊಂಡು ಹೋದವು. ಕೊನೆಗೆ 70 ಸಾವಿರಕ್ಕೂ ಹೆಚ್ಚು ಕುದುರೆಗಳಿಗೆ ಸೋಂಕು.

ಆದ್ರೆ ಅವರು ಮಾಡಿದ್ದು ನೋಡಿ. ರೋಗ ಖಚಿತವಾದ ಕೂಡಲೇ, ಆಗಸ್ಟ್ 25ಕ್ಕೆ, ದೇಶದಲ್ಲಿ ಎಲ್ಲೂ ಕುದುರೆ ಕದಲಬಾರದು ಅಂತ ಆದೇಶ. ಯಾವ ಕುದುರೆ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಹುಡುಕಿದರು, ಲಸಿಕೆ ಹಾಕಿದರು. ಡಿಸೆಂಬರ್ ಆದಮೇಲೆ ಹೊಸ ಕೇಸ್ ಇಲ್ಲ.

5/8
"ಅದು ಆಸ್ಟ್ರೇಲಿಯಾ" ಅಂತೀರಾ? ಮರುವರ್ಷ, ಜೂನ್ 2008ರಲ್ಲಿ, ಅದೇ ಕುದುರೆ ಜ್ವರ ಜಮ್ಮುವಿನ ಕತ್ರಾದಲ್ಲಿ ಕಾಣಿಸ್ತು. ವೈಷ್ಣೋದೇವಿ ಯಾತ್ರಿಕರನ್ನು ಹೊರೋ ಕುದುರೆ, ಹೇಸರಗತ್ತೆ ಇರೋ ಊರು. ಅಲ್ಲಿಂದ 2009ರೊಳಗೆ ಕರ್ನಾಟಕವೂ ಸೇರಿ 11 ರಾಜ್ಯ.

ಕುದುರೆ ಜ್ವರ ಕೆಮ್ಮಿನಲ್ಲಿ, ಬಕೆಟ್‌ನಲ್ಲಿ, ನಮ್ಮ ಕೈಯಲ್ಲಿ ಹರಡುತ್ತೆ. ಚರ್ಮಗಂಟು ನೊಣ ಸೊಳ್ಳೆಯಲ್ಲಿ. ದಾರಿ ಬೇರೆ, ಆದ್ರೆ ಎರಡಕ್ಕೂ ಬೇಕಾಗಿದ್ದು ಒಂದೇ: ನಾಲ್ಕೂರ ಪ್ರಾಣಿ ಒಂದು ಕಡೆ ಸೇರಬೇಕು, ಲೆಕ್ಕ ಇಲ್ಲದೆ ಚದುರಬೇಕು. (ಅಂದಹಾಗೆ ಚರ್ಮಗಂಟಿಗೆ ನಮ್ಮ ದೇಶದ ಲಸಿಕೆ ಕಂಡುಹಿಡಿದಿದ್ದು ಬರೇಲಿಯ ಪಶುವೈದ್ಯ ಸಂಸ್ಥೆ ಜೊತೆ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರ!)

6/8
ನಾನು ಓದ್ತಿರೋದು ಬಿಕಾಂ. ಸ್ಟಾಕ್ ರಿಜಿಸ್ಟರ್ ಇಲ್ಲದ ಅಂಗಡಿಯಲ್ಲಿ ಒಂದು ಡಬ್ಬ ಹಾಳಾದ್ರೆ ಯಾವ ಲಾಟ್ ಅಂತ ಗೊತ್ತಾಗಲ್ಲ. ಪೂರ್ತಿ ಸರಕು ಎಸೀಬೇಕು. ಜಾತ್ರೆಯಲ್ಲೂ ಇದೇ ಆಗ್ತಿರೋದು. ಯಾವ ದನ ಯಾರ ಪಕ್ಕ ನಿಂತಿತ್ತು ಅಂತ ಬರೆದಿದ್ರೆ ಇಪ್ಪತ್ತು ಕೊಟ್ಟಿಗೆಗೆ ಬೇಲಿ ಹಾಕಬಹುದು. ಬರೆದಿಲ್ಲ ಅಂದ್ರೆ ಸರ್ಕಾರದ ಕೈಲಿ ಇರೋದು ಒಂದೇ ಅಸ್ತ್ರ, ಎಲ್ಲಾ ಬಂದ್.

ಲಾಭ ನಷ್ಟ ನೋಡಿ. ಹೆಸರು, ಹಾರ, ಟ್ರೋಫಿ ಕಮಿಟಿಗೆ. ರೋಗ ಬಂದ್ರೆ ನಷ್ಟ ಕೊಟ್ಟಿಗೆಯವರಿಗೆ. ಸತ್ತ ಹಸುಗೆ 2022ರಲ್ಲಿ ಸರ್ಕಾರ ಕೊಟ್ಟ ಪರಿಹಾರ 20 ಸಾವಿರ, ಕರುಗೆ 5 ಸಾವಿರ. ಒಳ್ಳೆ ಹಾಲು ಕೊಡೋ ಹಸು ಆ ದುಡ್ಡಿಗೆ ಸಿಗುತ್ತಾ, ಮನೇಲಿ ಕೇಳಿ. ನಿಜ ಹೇಳಿದವನಿಗೇ ನಷ್ಟ ಅಂತಾದ್ರೆ ಜನ ಮುಚ್ಚಿಡ್ತಾರೆ. ನಾವೂ ಮುಚ್ಚಿಟ್ವಿ.

7/8
"ಸಂಪ್ರದಾಯ ನಿಲ್ಲಿಸಕ್ಕೆ ಹೊರಟಿದ್ದೀಯಾ?" ಅಂತ ಕಮೆಂಟ್ ಬರುತ್ತೆ, ಗೊತ್ತು. ಇಲ್ಲ. ದನ ಉಳಿದ್ರೆ ತಾನೇ ದನದ ಜಾತ್ರೆ?

"ಹಳ್ಳಿ ಜನಕ್ಕೆ ಇದೆಲ್ಲ ಆಗಲ್ಲ" ಅನ್ನೋರಿಗೂ ಒಂದು ಮಾತು. ಕಾಡಲ್ಲಿ ಮಂಗ ಸತ್ತು ಬಿದ್ದಿದ್ರೆ ಮುಟ್ಟಬಾರದು, ಆಸ್ಪತ್ರೆಗೆ ಹೇಳಬೇಕು ಅಂತ ನಮ್ಮೂರ ಅಜ್ಜಿಗೂ ಗೊತ್ತು. ಮಂಗನ ಕಾಯಿಲೆ ಕಲಿಸಿದ ಪಾಠ ಅದು. ಸತ್ತ ಮಂಗನ ಸುದ್ದಿ ಹೇಳೋರಿಗೆ ಜ್ವರ ಬಂದ ಹಸುವಿನ ಸುದ್ದಿ ಹೇಳಕ್ಕಾಗಲ್ವಾ? ಆಗುತ್ತೆ. ಹೇಳಿದವರ ಹೊಟ್ಟೆ ಮೇಲೆ ಹೊಡೀಬಾರದು, ಅಷ್ಟೇ.

8/8
ಕಮಿಟಿಯವರೇ, ಕೇಳ್ತಿರೋದು ಇಷ್ಟು:

▪️ ಸುತ್ತಮುತ್ತ ರೋಗ ಇದೆ ಅಂತಾದ್ರೆ ಪ್ರದರ್ಶನ ಮುಂದಕ್ಕೆ ಹಾಕಿ.
▪️ ದನಕ್ಕೆ ಒಂದೇ ಗೇಟ್. ಅಲ್ಲಿ ಒಂದು ನೋಟ್‌ಬುಕ್. ಕಿವಿಯೋಲೆಯ 12 ಅಂಕಿ ನಂಬರ್, ಊರು, ಫೋನ್, ಬಂದ ಗಾಡಿ, ಲಸಿಕೆ ಹಾಕಿಸಿದ ದಿನ ಬರೀರಿ.
▪️ ಗೇಟಲ್ಲೇ ಪಶುವೈದ್ಯರು ಇರಲಿ. ಜ್ವರ, ಗಂಟು, ಬಾಯಿ ಹುಣ್ಣು ಕಂಡ್ರೆ ಗಾಡಿಯಿಂದ ಇಳಿಸದೇ ವಾಪಸ್. ಆ ಗಾಡಿ ಬಾಡಿಗೆ ಕಮಿಟಿ ಕೊಡಲಿ.
▪️ ಬಕೆಟ್, ಹಗ್ಗ ಅವರವರದ್ದೇ. ಗಾಡಿ ತೊಳೀರಿ, ನೊಣ ಸೊಳ್ಳೆಗೆ ಔಷಧಿ ಹೊಡೀರಿ.
▪️ ಮನೆಗೆ ಹೋದಮೇಲೆ ಆ ದನವನ್ನು ಬೇರೆ ಕಟ್ಟಿ. ಚರ್ಮಗಂಟಿಗೆ ಅಂತರರಾಷ್ಟ್ರೀಯ ಲೆಕ್ಕ 28 ದಿನ.

ಮೂರನೆಯದೇ ಮುಖ್ಯ. ಬಾಡಿಗೆ ಸಿಗುತ್ತೆ ಅಂದ್ರೆ ಯಾರೂ ಹೂವಿನ ಹಾರದ ಕೆಳಗೆ ಗಂಟು ಮುಚ್ಚಲ್ಲ.

ಕ್ಲಾಸಿನವರೇ, ನಿಮ್ಮೂರಲ್ಲಿ ಗೇಟ್ ಹತ್ರ ಕೂತು ಬರೆಯೋರು ಬೇಕಾದ್ರೆ ನಾನು ಬರ್ತೀನಿ, ದುಡ್ಡು ಬೇಡ. ನೀವೂ ಬನ್ನಿ. ನಮ್ಮೂರ ಕಮಿಟಿಗೆ ಅರ್ಜಿ ಕೊಡಕ್ಕೆ ಹೋಗುವಾಗ ಪಕ್ಕದ ಮನೆ ಅತ್ತೆಯ ಹತ್ರ ಮೊದಲ ಸಹಿ ಕೇಳಿದೆ. ಹಾಕಿದ್ರು.

ಸೇವ್ ಮಾಡಿ. ನಿಮ್ಮೂರ ಕಮಿಟಿಯಲ್ಲಿರೋ ಮಾವನಿಗೆ ಇವತ್ತೇ ಕಳಿಸಿ.

#ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು #ಚರ್ಮಗಂಟುರೋಗ #ಗೇಟಲ್ಲೊಂದುನೋಟ್‌ಬುಕ್