ಕೊನೇ ಸಾಲಿನ ಸೋರೋ ಕಿವಿ



ಪೋಸ್ಟ್ ಉದ್ದ ಅದ. ಮನ್ಯಾಗ ಸಣ್ಣ ಮಕ್ಕಳಿರೋರು, ಹಾಸ್ಟೆಲ್ ನೋಡಿಕೊಳ್ಳೋರು, ಸಾಲಿ ಮಾಸ್ತರರು ದಯವಿಟ್ಟು ಪೂರ್ತಿ ಓದ್ರಿ.

ನನ್ನ ತಪ್ಪು ಒಪ್ಪಿಕೊಂಡೇ ಶುರು ಮಾಡ್ತೀನಿ. ದೇವದುರ್ಗ ತಾಲೂಕಿನ ಹಳ್ಳಿಯಲ್ಲಿರೋ ನಮ್ಮಕ್ಕನ ಮಗನಿಗೆ ಮೂರು ವರ್ಷದವನಿದ್ದಾಗಿನಿಂದ ಕಿವಿ ಸೋರ್ತಿತ್ತು. ಅಕ್ಕ ಹತ್ತಿ ಬಿಡಿಸೋಕೆ ಕೂಲಿಗೆ ಹೋಗೋ ಮುಂಚೆ ದಿನಾ ಅವನ ಕಿವಿಗೂ ಒಂದು ಚೂರು ಹತ್ತಿ ತುರುಕಿ ಸಾಲಿಗೆ ಕಳಸ್ತಿದ್ದಳು. ರಾತ್ರಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣಿ ಬಿಡ್ತಿದ್ದಳು. ನಾನು ಊರಿಗೆ ಹೋದಾಗ ಮಾತಾಡಿಸಿದರೆ ಎರಡು ಮೂರು ಸಲ ಕರೆದ ಮೇಲೆ "ಆಂ?" ಅಂತಿದ್ದ. "ಲಕ್ಷ್ಯ ಎಲ್ಲದಲೇ ನಿಂದು?" ಅಂತ ನಾನೇ ಬೈದಿದ್ದೀನಿ. ಹೋಟೆಲಿನಾಗ ನಮಗೆ ಬ್ಯಾರೆ ಲೋಟ ಇಡ್ತಾರ ಅಂತ ಇಪ್ಪತ್ತು ವರ್ಷ ಮೈಕ್ ಹಿಡಿದು ಮಾತಾಡಿದವನು ನಾನು. ನಮ್ಮನೆ ಹುಡುಗನಿಗೇ ನನ್ನ ಮಾತು ಅರ್ಧ ಕೇಳ್ತಿಲ್ಲ ಅನ್ನೋದು ನನಗೆ ತಿಳೀಲಿಲ್ಲ.

ಸಾಲ್ಯಾಗ ಏನಾಯ್ತು ಕೇಳ್ರಿ. ಕೀವಿನ ನಾತಕ್ಕೆ ಬಾಜೂ ಕುಂದ್ರೋ ಹುಡುಗರು ಮೂಗು ಮುಚ್ಚಿಕೊಂಡರು. ಅವನನ್ನ ಕೊನೇ ಸಾಲಿಗೆ ಕೂರಿಸಿದರು. ನಮ್ಮ ಕೇರಿ ಹುಡುಗ ಕೊನೇ ಸಾಲಿನಲ್ಲಿ ಕುಂತರೆ ಯಾಕಂತ ಯಾರೂ ಕೇಳೋದಿಲ್ಲ, ಅದು ಅವನ ಜಾಗಾನೇ ಅಂದ್ಕೊಂಡಿರ್ತಾರ. ಹಿಂದೆ ಕುಂತ ಮೇಲೆ ಪಾಠ ಇನ್ನೂ ಕಡಿಮೆ ಕೇಳಿಸ್ತು. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಅಂತ ದಡ್ಡ ಅನ್ನೋ ಹೆಸರು ಬಂತು. ನಾಲ್ಕನೇ ಕ್ಲಾಸಿಗೆ ಬರೋದ್ರಾಗ ಅಕ್ಕನೇ ಸೋತು ಹೇಳಿದಳು: "ಇವನಿಗೆ ವಿದ್ಯಾ ಹತ್ತಂಗಿಲ್ಲ ತಮ್ಮಾ. ಕುರಿ ಕಾಯ್ಲಿಕ್ಕೆ ಹಚ್ಚತೀನಿ."

ಅಷ್ಟರಾಗ ಒಂದು ರಾತ್ರಿ ಜ್ವರ ಏರಿ, ಎಡಗಿವಿ ಹಿಂದೆ ಬಾತು, ಕಿವಿನೇ ಮುಂದಕ್ಕೆ ತಳ್ಳಿದಂಗ ಆಯ್ತು. ಅದಕ್ಕಿಂತ ಮುಂಚೆ ಮೂರು ಸಲ ಒಂದು ದವಾಖಾನಿಗೆ ತೋರಿಸಿದ್ದಳು ಅಕ್ಕ. ಮೂರು ಸಲಾನೂ ಕಿವಿಯೊಳಗೆ ಬ್ಯಾಟ್ರಿ ಬಿಟ್ಟು ನೋಡದೇ ಗುಳಿಗಿ ಬರೆದು ಕಳಿಸಿದ್ದರು. "ದೊಡ್ಡವನಾದ ಮ್ಯಾಲ ತಾನೇ ಹೋಗ್ತದ" ಅಂದಿದ್ದರಂತೆ. ಈ ಸಲ ಕಿವಿ ತಜ್ಞರ ಹತ್ತಿರ ಒಯ್ದೆವು. ಅವರು ಸ್ಕ್ಯಾನ್ ನೋಡಿ, "ಇನ್ನೂ ತಡ ಮಾಡಿದ್ದರೆ ಮೆದುಳಿಗೆ ಹೋಗ್ತಿತ್ತು" ಅಂದರು. ಆ ದಿನ ನಾನು ಕಲಿತದ್ದನ್ನ ನಿಮಗೂ ಹೇಳ್ತೀನಿ, ಯಾಕಂದ್ರೆ ಇದು ನಮ್ಮ ಸಾವಿರಾರು ಮನೆಗಳ ಕಥೆ.

ಸೋರೋ ಕಿವಿಯಲ್ಲಿ ಎರಡು ಜಾತಿ ಅವ. ಮೊದಲನೇದು, ಕಿವಿಯ ಪರದೆ ನಡುವೆ ತೂತು ಬಿದ್ದು, ನೆಗಡಿ ಬಂದಾಗ, ನೀರು ಹೋದಾಗ ಸೋರೋದು. ಕಿವಿ ಒರೆಸಿ ಒಣಗಿಸಿ, ಡಾಕ್ಟರ್ ಕೊಟ್ಟ ಆಂಟಿಬಯೋಟಿಕ್ ಹನಿ ಹಾಕಿದರೆ ಸೋರೋದು ನಿಲ್ಲತದ. ಆಮೇಲೂ ತೂತು ಮುಚ್ಚದಿದ್ದರೆ ಟಿಂಪನೋಪ್ಲಾಸ್ಟಿ ಅನ್ನೋ ಆಪರೇಷನ್. ಕಿವಿ ಮೇಲಿನ ಸ್ನಾಯುವಿನ ಹೊದಿಕೆಯಿಂದ ಒಂದು ತೆಳು ಪೊರೆ ತೆಗೆದು, ಮೈಕ್ರೋಸ್ಕೋಪಿನಲ್ಲಿ ನೋಡ್ತಾ ತೂತಿಗೆ ತೇಪೆ ಹಾಕ್ತಾರ. ತೀರಾ ಸಣ್ಣ ಮಕ್ಕಳಿಗಾದರೆ ಕೆಲವು ವರ್ಷ ಕಾಯೋಣ ಅಂತಾರ. ಹಂಗಂದ್ರೆ ಮರೆತುಬಿಡಿ ಅಂತಲ್ಲ, ನಡುನಡುವೆ ತೋರಿಸ್ತಾ ಇರ್ರಿ ಅಂತ.

ಎರಡನೇದು ಅಪಾಯದ್ದು. ಹೆಸರು ಕೊಲೆಸ್ಟಿಯಟೋಮಾ. ಪರದೆಯ ಹೊರಗಿರಬೇಕಾದ ಚರ್ಮ ಒಳಗೆ ಸೇರಿ ಗಂಟಿನಂಗ ಬೆಳೀತಾ ಎಲುಬು ತಿಂತದ. ಕೀವು ಸ್ವಲ್ಪ, ನಾತ ಬಹಳ. ಬಹಳ ಸಲ ನೋವೇ ಇರೋದಿಲ್ಲ, ಅದಕ್ಕೇ ಯಾರೂ ಹೆದರೋದಿಲ್ಲ. ಇದು ಮುಖದ ನರಕ್ಕೆ ತಾಗಿದರೆ ಬಾಯಿ ಸೊಟ್ಟ ಆಗ್ತದ, ಮೆದುಳಿಗೆ ಹೋದರೆ ಜೀವಾನೇ ಹೋಗಬಹುದು. ಇದಕ್ಕೆ ಹನಿ, ಗುಳಿಗಿ ಸಾಲೋದಿಲ್ಲ. ಕಿವಿ ಹಿಂದಿನ ಎಲುಬು ಕೊರೆದು ರೋಗ ಪೂರ್ತಿ ತೆಗೀಬೇಕು. ಅದು ಮಾಸ್ಟಾಯ್ಡೆಕ್ಟಮಿ. ಮತ್ತೆ ಬೆಳೆಯೋ ಸಾಧ್ಯತೆ ಇರೋದ್ರಿಂದ ವರ್ಷಗಟ್ಟಲೆ ತಪಾಸಣೆಗೆ ಹೋಗ್ತಿರಬೇಕು.

ನಮ್ಮ ಹುಡುಗನ ಎಡಗಿವಿಯಲ್ಲಿ ಇದ್ದದ್ದು ಎರಡನೇ ಜಾತಿ, ಬಲಗಿವಿಯಲ್ಲಿ ಮೊದಲನೇದು. ಎಡಗಡೆ ಜೀವ ಉಳಿಸೋ ಆಪರೇಷನ್ ಆಯ್ತು, ಆದರೆ ಒಳಗಿನ ಸಣ್ಣ ಎಲುಬುಗಳನ್ನ ರೋಗ ಮೊದಲೇ ತಿಂದಿತ್ತು. ಆ ಕಿವಿ ಪೂರ್ತಿ ವಾಪಸ್ ಬರಲಿಲ್ಲ. ಮುಂದಿನ ವರ್ಷ ಬಲಗಿವಿಗೆ ತೇಪೆ ಹಾಕಿದರು, ಅದು ಹತ್ತಿಕೊಂಡಿತು. ಎರಡು ತಿಂಗಳಾದ ಮೇಲೆ ನಾನು ಎಂದಿನಂಗ ಒದರಿ ಮಾತಾಡಿಸಿದರೆ ಹುಡುಗ ಅಂದ: "ಮಾಮಾ, ಯಾಕ ಒದರ್ತಿ? ಕೇಳಸ್ತದ." ನಾನು ಹೊರಗೆ ಹೋಗಿ ಅತ್ತೆ.

"ಕಿವಿ ಸೋರೋದರಾಗ ಜಾತಿ ಎಲ್ಲಿಂದ ತಂದೆ?" ಅಂತ ಒಬ್ಬ ಗೆಳೆಯರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿ ನೋಡ್ರಿ. ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರಿಗೆ ಕಿವಿ ಸೋರ್ತದ ಅಂತ ಅಂದಾಜು. ಶೇಕಡಾ 4ಕ್ಕಿಂತ ಹೆಚ್ಚು ಜನರಿಗೆ ಈ ರೋಗ ಇರೋ ಗುಂಪಿನಲ್ಲಿ ಭಾರತ ಅದ, ತಾಂಜಾನಿಯಾ ಅದ, ಜೊತೆಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳೂ ಅದಾರ. ಆಸ್ಟ್ರೇಲಿಯಾ ಶ್ರೀಮಂತ ದೇಶ. ಅಲ್ಲಿ ನೆಲ ಕಳಕೊಂಡ ಜನರ ಮಕ್ಕಳ ಕಿವಿ ಮಾತ್ರ ಬಡ ದೇಶದ ಮಕ್ಕಳ ಕಿವಿಯಂಗ ಸೋರ್ತದ. ಒಂದೇ ಕೋಣೆಯಲ್ಲಿ ಎಂಟು ಮಂದಿ, ಒಲೆಯ ಹೊಗೆ, ಅರೆಹೊಟ್ಟೆ, ಕಡಿಮೆಯಾಗದ ನೆಗಡಿ. ಈ ರೋಗ ಬೆಳೆಯೋದು ಇಂಥ ಮನ್ಯಾಗ. ನಮ್ಮ ಊರುಗಳಲ್ಲಿ ಇಂಥ ಮನೆಗಳು ಯಾವ ಓಣಿಯಲ್ಲಿ ಹೆಚ್ಚು ಅದಾವ ಅಂತ ನಾನು ಹೇಳಬೇಕಿಲ್ಲ.

ವೇದ ಕೇಳಿದ ಶೂದ್ರನ ಕಿವಿಗೆ ಕರಗಿಸಿದ ಲೋಹ, ಅರಗು ತುಂಬಬೇಕು ಅಂತ ಗೌತಮ ಧರ್ಮಸೂತ್ರ ಹೇಳ್ತದ. ನಾವು ಅದನ್ನ ಎಲ್ಲಾ ಭಾಷಣದಾಗ ಹೇಳ್ತೀವಿ, ಹೇಳಬೇಕು. ಆದರೆ ಇವತ್ತು ನಮ್ಮ ಮಕ್ಕಳ ಕಿವಿ ಕೀವಿನಿಂದ ಮುಚ್ಚಿಕೊಳ್ತಾ ಇದ್ದರೆ ಅದರ ಬಗ್ಗೆ ಒಂದು ಮನವಿ ಪತ್ರಾನೂ ನಾವು ಕೊಟ್ಟಿಲ್ಲ. ಶಿಕ್ಷಣ, ಸಂಘಟನೆ, ಹೋರಾಟ ಅಂತೀವಿ. ಪಾಠ ಕೇಳಿಸದ ಮಗುವಿಗೆ ಆ ಮೊದಲನೇದೇ ಸಿಗೋದಿಲ್ಲ.

ಯೋಜನೆಗಳು ಇಲ್ಲ ಅಂತ ನಾನು ಹೇಳ್ತಿಲ್ಲ. ಕಿವುಡುತನ ತಡೆಯೋ ರಾಷ್ಟ್ರೀಯ ಕಾರ್ಯಕ್ರಮ ಅದ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಸಾಲಿಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ರೋಗಗಳ ಪಟ್ಟಿಯಲ್ಲಿ ಕಿವಿ ಸೋರೋದೂ ಅದ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಅದ.

ಹಂಗಾದ್ರೆ ಮಗು ಎಲ್ಲಿ ತಪ್ಪಿಹೋಗ್ತದ? ನಾನು ಕಂಡದ್ದು ಹೇಳ್ತೀನಿ.

ದೇವದುರ್ಗದ ಮಕ್ಕಳು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ, ಮಾನ್ವಿ ಮಕ್ಕಳು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜ್ತಾರ. ಮಳೆ, ಚಳಿ, ಕಾಲುವೆ ನೀರು, ಈ ದಿನಗಳಲ್ಲಿ ಕಿವಿ ಸೋರ್ತದ. ತೇಪೆ ಹಾಕೋ ಆಪರೇಷನ್‌ಗೆ ಸಾಮಾನ್ಯವಾಗಿ ಒಣಗಿದ ಕಿವಿ ಬೇಕು, ಅದಕ್ಕೆ ಬ್ಯಾಸಗಿ ಒಳ್ಳೇದು. ಬ್ಯಾಸಗಿಯಲ್ಲಿ ನಮ್ಮ ಜನ ಎಲ್ಲಿರ್ತಾರ? ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಳಗೆ ಶೆಡ್ಡಿನಲ್ಲಿ ಇರ್ತಾರ. ತಂಡ ಸಾಲಿಗೆ ಬಂದ ದಿನ ಮಗು ಊರಾಗಿಲ್ಲ. ತಾರೀಖು ಸಿಕ್ಕಾಗ ತಾಯಿ ಊರಾಗಿಲ್ಲ.

ಊರಾಗಿದ್ದರೂ ಎರಡೂ ತಾಲೂಕಿನಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ ಚಾರ್ಜ್ ಇಲ್ಲ, ಖರೆ. ಆದರೆ ಚೀಟಿ ಮಾಡಿಸೋಕೆ ಒಂದು ದಿನ, ಕಿವಿ ಪರೀಕ್ಷೆಗೆ ಒಂದು ದಿನ, ರಕ್ತ, ಸ್ಕ್ಯಾನ್, ಅರಿವಳಿಕೆ ಡಾಕ್ಟರ ಒಪ್ಪಿಗೆ, ಆಪರೇಷನ್, ಹೊಲಿಗೆ ಬಿಚ್ಚೋದು, ಆಮೇಲೆ ತಪಾಸಣೆ. ಅಷ್ಟೂ ದಿನದ ಕೂಲಿ ಯಾರು ಕೊಡ್ತಾರ? ಆಪರೇಷನ್ ಪುಕ್ಕಟೆ ಇದ್ದರೂ ಅಕ್ಕನಿಗೆ ಅದು ಸಾಲ ಆಯ್ತು.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟ ಇದ್ದರಷ್ಟೇ ಶ್ರವಣದೋಷ ಅಂತ ಲೆಕ್ಕ. ಪರದೆ ತೂತಾದ ಮಗುವಿನ ನಷ್ಟ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆ ಮಗುವಿಗೆ ಸರ್ಟಿಫಿಕೇಟೂ ಇಲ್ಲ, ಪಾಠಾನೂ ಸರಿಯಾಗಿ ಕೇಳೋದಿಲ್ಲ. ಸರ್ಕಾರದ ಯಾವ ಪುಸ್ತಕದಾಗೂ ಅದರ ಹೆಸರಿಲ್ಲ, ಮಾಸ್ತರರ ಬಾಯಾಗ ಮಾತ್ರ ದಡ್ಡ ಅಂತ ಅದ.

ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನ ಪಟ್ಟಿ ಮಾಡಿದಾಗ ದೇವದುರ್ಗ, ಮಾನ್ವಿ ಎರಡೂ ಅದರಾಗಿದ್ದವು. 371ಜೆ ಬಂತು, ಹೆಸರು ಕಲ್ಯಾಣ ಕರ್ನಾಟಕ ಆಯ್ತು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಧರಣಿ ನಡೆದದ. ನಾನೂ ಆ ಟೆಂಟಿನಾಗ ಕುಂತೀನಿ, ಇನ್ನೂ ಕೂಡ್ತೀನಿ. ಆದರೆ ಕಿವಿಯೊಳಗೆ ಬ್ಯಾಟ್ರಿ ಬಿಟ್ಟು ನೋಡೋಕೆ ಏಮ್ಸ್ ಬರೋ ತನಕ ಕಾಯಬೇಕಿಲ್ಲ. ಅದಕ್ಕೆ ನಾವು ಈಗ ಕೇಳಬೇಕಾದ್ದು:

1. ದೇವದುರ್ಗ, ಮಾನ್ವಿ ತಾಲೂಕು ಆಸ್ಪತ್ರೆಗಳಲ್ಲಿ ಕಿವಿ ತಜ್ಞರು ಕುಂದ್ರೋ ದಿನ ಗೋಡೆ ಮೇಲೆ ಬರೆದಿರಬೇಕು, ಆ ದಿನ ಅವರು ಇರಬೇಕು. ಕಿವಿ ಪರೀಕ್ಷೆ ಮಷೀನ್ ಅಲ್ಲೇ ಇರಬೇಕು.

2. ಎಲ್ಲಾ ಪರಿಶಿಷ್ಟ ಜಾತಿ, ಪಂಗಡದ ಹಾಸ್ಟೆಲ್‌ಗಳಲ್ಲಿ ವರ್ಷದ ಶುರುವಿಗೇ ಕಿವಿ ತಪಾಸಣೆ ಆಗಬೇಕು. ಗುಳೆಯಿಂದ ವಾಪಸ್ ಬಂದ ಮಕ್ಕಳಿಗೆ ಮತ್ತೊಂದು ಸಲ ಆಗಬೇಕು.

3. ನಾತ ಬರೋ ಕಿವಿ ಕಂಡರೆ ಗುಳಿಗಿ ಕೊಟ್ಟು ಕಳಿಸೋ ಹಂಗಿಲ್ಲ, ಅವತ್ತೇ ರೆಫರಲ್ ಕೊಡಬೇಕು.

4. ಮಗುವಿನ ಜೊತೆ ಇರೋ ತಾಯಿ ಅಥವಾ ತಂದೆಗೆ ಆಪರೇಷನ್ ದಿನಗಳ ಕೂಲಿ ಕೊಡಬೇಕು.

ಎರಡೂ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿಂದ ಗೆದ್ದವರಿಗೆ ಈ ನಾಲ್ಕು ಮಾತು ಮುಟ್ಟಿಸೋಣ.

ನಮ್ಮ ಕೈಯಾಗ ಇರೋದೂ ಅದ. ಎಣ್ಣಿ, ಹಾಲು, ಪಿನ್ನು, ಕಡ್ಡಿ ಕಿವಿಗೆ ಹಾಕಬ್ಯಾಡ್ರಿ. ಎರಡು ವಾರ ಮೀರಿ ಸೋರಿದರೆ ತೋರಿಸ್ರಿ. ನಾತ, ತಲೆಸುತ್ತು, ಬಾಯಿ ಸೊಟ್ಟ, ಕಿವಿ ಹಿಂದೆ ಬಾವು, ಜ್ವರದ ಜೊತೆ ಜೋರು ತಲೆನೋವು ಇದ್ದರೆ ಅವತ್ತೇ ಹೊರಡ್ರಿ.

ಬರೋ ಏಪ್ರಿಲ್ 14ಕ್ಕೆ ನಮ್ಮ ಓಣಿಯಲ್ಲಿ ಮೆರವಣಿಗೆ ಇರ್ತದ. ಈ ಸಲ ಡಿಜೆ ರೊಕ್ಕದಾಗ ಅರ್ಧ ಉಳಿಸಿ, ಬೆಳಿಗ್ಗೆ ಮಕ್ಕಳ ಕಿವಿ ತೋರಿಸೋ ಶಿಬಿರ ಮಾಡೋಣ ಅಂತ ಕೇಳಾಕತ್ತೀನಿ. ಬರೋಕೆ ಒಪ್ಪೋ ಡಾಕ್ಟರು ಗೊತ್ತಿದ್ದರೆ ಹೇಳ್ರಿ. ನಿಮ್ಮೂರಾಗ ಕೊನೇ ಸಾಲಿನಲ್ಲಿ ಕುಂತ, ಕಿವಿಗೆ ಹತ್ತಿ ಇಟ್ಟುಕೊಂಡ ಹುಡುಗ, ಹುಡುಗಿ ಇದ್ದರೆ ಈ ಪೋಸ್ಟ್ ಅವರ ಮನೆಯವರಿಗೆ ಓದಿ ಹೇಳ್ರಿ.

ಜೈಭೀಮ್.