ಹಿಂಡನ್‌ನಿಂದ ಪ್ರಯಾಣಿಕ ವಿಮಾನ ಮುಂದುವರಿಯಬೇಕೇ?

ಗಾಜಿಯಾಬಾದ್‌ನ ಹಿಂಡನ್ ವಾಯುನೆಲೆಗೆ ಅಂಟಿಕೊಂಡಂತೆ ಸಿಕಂದರಪುರದಲ್ಲಿ ಕಟ್ಟಿದ ನಾಗರಿಕ ಟರ್ಮಿನಲ್ 2019ರ ಮಾರ್ಚ್ 8ರಂದು ಉದ್ಘಾಟನೆಯಾಯಿತು. ಅಕ್ಟೋಬರ್ 11ರಂದು ಪಿಥೋರಾಗಢಕ್ಕೆ ಒಂಬತ್ತು ಸೀಟಿನ ವಿಮಾನ ಹಾರಿತು. ನವೆಂಬರ್ 6ರಂದು ಹುಬ್ಬಳ್ಳಿಯಿಂದ ಸ್ಟಾರ್ ಏರ್ ವಿಮಾನ ಬಂದಿಳಿಯಿತು. ದೆಹಲಿಯಲ್ಲಿ ಇಂದಿರಾ ಗಾಂಧಿ ನಿಲ್ದಾಣವಿದೆ, ಜೇವರ್‌ನಲ್ಲಿ ಮತ್ತೊಂದು ತಲೆ ಎತ್ತಿದೆ. ಹಾಗಿದ್ದೂ ಹಿಂಡನ್ ಬೇಕೇ?

ಪರ

ಖಂಡಿತ ಬೇಕು. ಹಿಂಡನ್ ತೆರೆದದ್ದೇ ಇಂದಿರಾ ಗಾಂಧಿ ನಿಲ್ದಾಣದಲ್ಲಿ ಸಣ್ಣ ಊರುಗಳ ಸಂಪರ್ಕಕ್ಕೆಂದು ಸರ್ಕಾರ ತಂದ ಉಡಾನ್ ಯೋಜನೆಯ ವಿಮಾನಗಳಿಗೆ ಜಾಗ ಸಿಗಲಿಲ್ಲವೆಂದು. ದೊಡ್ಡವರ ಬಾಗಿಲು ಮುಚ್ಚಿದ್ದಾಗ ಹುಬ್ಬಳ್ಳಿಯನ್ನು ಒಳಗೆ ಕರೆದದ್ದು ಈ ಪುಟ್ಟ ನಿಲ್ದಾಣ. 50 ಸೀಟಿನ ಎಂಬ್ರೇಯರ್ ವಿಮಾನ, ನಡುವಿನ ಓಣಿಯ ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ ಸೀಟು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯನ್ನೂ ಮೀರುವ ದಾರಿಯನ್ನು ಅದು ಕೆಲವೇ ಗಂಟೆಗೆ ಇಳಿಸಿತು. ಒಂದು ವರ್ಷದ ನಂತರ, 2020ರ ನವೆಂಬರ್‌ನಲ್ಲಿ, ಕಲಬುರಗಿಗೂ ಅದೇ ಭಾಗ್ಯ ಬಂತು.

2025ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಇಂಡಿಗೋ ಕೂಡ ಬಂದವು, ಬೆಂಗಳೂರಿಗೂ ಹಾರಿದವು. ಪೂರ್ವ ದೆಹಲಿ, ಗಾಜಿಯಾಬಾದ್‌ಗಳ ಜನ ವಿಮಾನ ಹಿಡಿಯಲು ಇಡೀ ಊರು ದಾಟುವ ಕಷ್ಟ ಎಷ್ಟೋ ಕಡಿಮೆಯಾಯಿತು. ಆದರೆ ಅದೇ ವರ್ಷ ದೆಹಲಿ ನಿಲ್ದಾಣದ ನಿರ್ವಾಹಕ ಸಂಸ್ಥೆ ಹಿಂಡನ್ ವಿರುದ್ಧ ಹೈಕೋರ್ಟ್ ಮೆಟ್ಟಿಲೇರಿತು. 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರುವುದನ್ನು ತಡೆಯುವ ಷರತ್ತಿನ ಕಥೆ ಬೆಂಗಳೂರಿಗರಿಗೆ ಹೊಸದಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆದಾಗ ಎಚ್‌ಎಎಲ್ ನಿಲ್ದಾಣದ ನಿತ್ಯದ ಪ್ರಯಾಣಿಕ ವಿಮಾನಗಳು ನಿಂತುಹೋದವು. ಊರ ನಡುವೆ ರನ್‌ವೇ ಇದ್ದೂ ಜನ ಗಂಟೆಗಟ್ಟಲೆ ಟ್ರಾಫಿಕ್‌ನಲ್ಲಿ ಕೂರುವ ಆ ಅನ್ಯಾಯ ಗಾಜಿಯಾಬಾದ್‌ಗೆ ಬರಬಾರದು.

ವಿರೋಧ

ಹಿಂಡನ್ ಮೊದಲು ಸೈನ್ಯದ ನೆಲೆ. ಸಿ-17 ದೈತ್ಯ ವಿಮಾನಗಳ ತವರು ಇದು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದಿಂದ ಪಾರಾಗಿ ಬಂದ ವಿದ್ಯಾರ್ಥಿಗಳನ್ನು ವಾಯುಪಡೆ ಇಳಿಸಿದ್ದು ಇಲ್ಲೇ. 2024ರ ಆಗಸ್ಟ್ 5ರಂದು ಢಾಕಾ ಬಿಟ್ಟ ಶೇಖ್ ಹಸೀನಾ ಬಂದಿಳಿದದ್ದೂ ಇಲ್ಲೇ. ಇಂಥ ಘಳಿಗೆ ಹೇಳಿಕೇಳಿ ಬರುವುದಿಲ್ಲ. 2025ರ ಮೇನಲ್ಲಿ ಪಾಕಿಸ್ತಾನದೊಡನೆ ಸಂಘರ್ಷ ಎದ್ದಾಗ ನಾಗರಿಕ ಹಾರಾಟ ನಿಂತ 32 ನಿಲ್ದಾಣಗಳ ಪಟ್ಟಿಯಲ್ಲಿ ಹಿಂಡನ್ ಇತ್ತು. ಇಂದಿರಾ ಗಾಂಧಿ ನಿಲ್ದಾಣ ಇರಲಿಲ್ಲ. ಏಮ್ಸ್‌ನಲ್ಲಿ ಆಪರೇಷನ್‌ಗೆ ದಿನ ಗೊತ್ತಾಗಿರುವ ರೋಗಿ ಯಾವ ನಿಲ್ದಾಣವನ್ನು ನಂಬಬೇಕು?

ಬೀದರ್‌ನಲ್ಲೂ ವಾಯುಪಡೆಯ ರನ್‌ವೇಯೇ ಪ್ರಯಾಣಿಕರಿಗೆ ಆಸರೆ. ಅಲ್ಲಿ ಬೇರೆ ಗತಿಯಿಲ್ಲ, ಒಪ್ಪಬೇಕು. ದೆಹಲಿಗೆ ಆ ದಾರಿದ್ರ್ಯವಿಲ್ಲ.

ಹುಬ್ಬಳ್ಳಿಗೆ ಉಪಕಾರವಾಯಿತೆಂಬ ಮಾತನ್ನೂ ಸ್ವಲ್ಪ ಒರೆಗೆ ಹಚ್ಚೋಣ. ದೆಹಲಿಗೆ ಬರುವ ಎಷ್ಟೋ ಕನ್ನಡಿಗರು ಅಲ್ಲಿಂದ ಶ್ರೀನಗರಕ್ಕೋ ವಿದೇಶಕ್ಕೋ ಮುಂದೆ ಹೋಗುವವರು. ಹಿಂಡನ್‌ನಲ್ಲಿ ಇಳಿದವರು ಲಗೇಜು ಹೊತ್ತು, ಯಮುನೆ ದಾಟಿ, ಊರಿನ ಆ ತುದಿಗೆ ಹೋಗಿ ಮತ್ತೊಂದು ವಿಮಾನ ಹತ್ತಬೇಕು. ಕರ್ನಾಟಕ ಭವನ ಇರುವುದು ಚಾಣಕ್ಯಪುರಿಯಲ್ಲಿ, ಕರ್ನಾಟಕ ಸಂಘ ಆರ್.ಕೆ. ಪುರಂನಲ್ಲಿ. ಎರಡೂ ಇಂದಿರಾ ಗಾಂಧಿ ನಿಲ್ದಾಣದ ದಿಕ್ಕಿಗೇ ಇವೆ. ಆ ಉಪಕಾರಕ್ಕೂ ಗಡುವಿದೆ: ಉಡಾನ್ ಸಹಾಯಧನದ ಅವಧಿ ಮಾರ್ಗವೊಂದಕ್ಕೆ ಮೂರೇ ವರ್ಷ.

ಸಣ್ಣ ಊರಿನ ವಿಮಾನವನ್ನು ಪಕ್ಕದ ಅಂಗಳಕ್ಕೆ ತಳ್ಳುವುದು ಔದಾರ್ಯವಲ್ಲ. ಮುಖ್ಯ ನಿಲ್ದಾಣದಲ್ಲೇ ಹುಬ್ಬಳ್ಳಿ, ಕಲಬುರಗಿ, ಬೆಳಗಾವಿಗಳಿಗೆ ಬೆಳಗಿನ ಸ್ಲಾಟ್ ಕಾಯ್ದಿರಿಸಲಿ. ನಮ್ಮ ಸಂಸದರು ಲೋಕಸಭೆಯಲ್ಲಿ ಪಟ್ಟು ಹಿಡಿದು ಕೇಳಬೇಕಾದದ್ದು ಅದನ್ನು.