ಗೋಡೆಯ ಅಳತೆ, ಅಧಿಕಾರದ ಅಳತೆ

ಕಂದಾಯ ಆಡಳಿತದಲ್ಲಿ ಬಹುಕಾಲ ದುಡಿದ ನನಗೆ ನಕ್ಷೆಯ ಬಗ್ಗೆ ಗೌರವವಿರುವಷ್ಟೇ ಅನುಮಾನವೂ ಇದೆ. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರು, ಕೆರೆ, ಬಂಡಿದಾರಿ ಎಲ್ಲವೂ ಕಾಣುತ್ತವೆ. ಆ ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ. ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರ ಪ್ರಾಚೀನ ನಗರಗಳಲ್ಲಿದ್ದ ರಾಜಕೀಯ ಅಧಿಕಾರವನ್ನು ಡಿಜಿಟಲ್ ನಕ್ಷೆಗಳ ಮೂಲಕ ಅರಿಯುವ ಪ್ರಯತ್ನಗಳ ಬಗ್ಗೆ ಓದುವಾಗ ಈ ಹಳೆಯ ಅನುಮಾನ ಮತ್ತೆ ತಲೆಯೆತ್ತಿತು.

ಈ ವಿಧಾನದ ಉಪಯುಕ್ತತೆಯನ್ನು ಅಲ್ಲಗಳೆಯಲಾಗದು. ಯೊರುಬಾ ನಗರದ ರಚನೆಯಲ್ಲೇ ಅಧಿಕಾರದ ಗುರುತುಗಳಿವೆ: ನಡುವೆ ಅರಮನೆ, ಅದರ ಸಮೀಪ ಮಾರುಕಟ್ಟೆ, ಅಲ್ಲಿಂದ ನೆರೆಯೂರುಗಳತ್ತ ಹೊರಡುವ ದಾರಿಗಳು, ಆ ದಾರಿಗಳ ನಡುವೆ ಮುಖಂಡರ ಕೇರಿಗಳು, ಸುತ್ತಲೂ ಕೋಟೆ. ಉಪಗ್ರಹ ಚಿತ್ರ, ಕ್ಷೇತ್ರ ಸಮೀಕ್ಷೆ ಹಾಗೂ ಉತ್ಖನನದ ವಿವರಗಳನ್ನು ಒಂದರ ಮೇಲೊಂದು ಪದರವಾಗಿ ಜೋಡಿಸಿದರೆ, ಯಾವ ಕೇರಿ ಅರಮನೆಗೆ ಹತ್ತಿರವಿತ್ತು, ಯಾವ ದ್ವಾರ ಯಾವ ದಾರಿಯನ್ನು ಕಾಯುತ್ತಿತ್ತು ಎಂಬುದನ್ನು ಅಳೆದು ಹೇಳಬಹುದು. 1830ರ ದಶಕದಲ್ಲಿ ಜನರು ತೊರೆದುಹೋದ ಹಳೆಯ ಓಯೊ ರಾಜಧಾನಿಯಂಥ ಸ್ಥಳಕ್ಕೆ ಇದು ಸೂಕ್ತ ಸಾಧನ.

ಆದರೆ ಅಳೆಯಲು ಸುಲಭವಾದುದನ್ನೇ ಮುಖ್ಯವೆಂದು ಭಾವಿಸುವ ದೋಷ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಚಿರಪರಿಚಿತ. ಓಯೊದ ನಕ್ಷೆ ನೋಡಿದವರು ಅರಮನೆಯ ವಿಸ್ತಾರ ಕಂಡು ಅಲಾಫಿನ್ ಎಂಬ ಅರಸನೇ ಸರ್ವಾಧಿಕಾರಿ ಎಂದುಕೊಂಡಾರು. ವಾಸ್ತವದಲ್ಲಿ 'ಓಯೊ ಮೆಸಿ' ಎಂಬ ಏಳು ಮುಖಂಡರ ಮಂಡಳಿ ಅರಸನನ್ನು ತಿರಸ್ಕರಿಸಿದರೆ ಆತ ಪ್ರಾಣ ಬಿಡಬೇಕಿತ್ತು. 1754ರಿಂದ 1774ರವರೆಗೆ ಮಂಡಳಿಯ ಮುಖ್ಯಸ್ಥ ಗಾಹಾ ಒಬ್ಬರಾದ ಮೇಲೊಬ್ಬರಂತೆ ಹಲವು ಅರಸರನ್ನು ಆತ್ಮಹತ್ಯೆಗೆ ದೂಡಿದ. ಆ ಇಪ್ಪತ್ತು ವರ್ಷ ಅರಮನೆ ಇದ್ದಲ್ಲೇ ಇತ್ತು. ಅಧಿಕಾರ ಮಾತ್ರ ಅಲ್ಲಿರಲಿಲ್ಲ.

ಇಜೆಬು ಪ್ರದೇಶದ 'ಸುಂಗ್ಬೊ ಎರೆಡೊ' ಇನ್ನೊಂದು ನಿದರ್ಶನ. ಸುಮಾರು 160 ಕಿಲೋಮೀಟರ್ ಉದ್ದದ ಈ ಮಣ್ಣಿನ ದಿಣ್ಣೆ ಮತ್ತು ಕಂದಕ ಕೆಲವೆಡೆ 20 ಮೀಟರಿನಷ್ಟು ಎತ್ತರವಿದೆ. ಇಷ್ಟು ದೊಡ್ಡ ಕಾಮಗಾರಿಗೆ ಬಲಿಷ್ಠ ಅರಸನೊಬ್ಬನ ಆಜ್ಞೆ ಬೇಕೆಂದು ಅಳತೆ ಸೂಚಿಸಬಹುದು. ಸ್ಥಳೀಯ ಐತಿಹ್ಯವಾದರೋ ಇದನ್ನು ಬಿಲಿಕಿಸು ಸುಂಗ್ಬೊ ಎಂಬ ಮಕ್ಕಳಿಲ್ಲದ ಸಿರಿವಂತ ಮಹಿಳೆಗೆ ಸಲ್ಲಿಸುತ್ತದೆ. ಐತಿಹ್ಯ ಇತಿಹಾಸವೇ ಆಗಬೇಕಿಲ್ಲ. ಆದರೂ ಸಂಪತ್ತಿಗೆ, ಅದರಲ್ಲೂ ಮಹಿಳೆಯ ಸಂಪತ್ತಿಗೆ, ಇಂಥ ಶಕ್ತಿಯಿರಬಹುದೆಂದು ಆ ಸಮಾಜ ನಂಬಿತ್ತು ಎಂಬುದೇ ಒಂದು ಸಾಕ್ಷ್ಯ.

ಹಾಗೆಂದು ನಕ್ಷೆಯನ್ನು ಬದಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಕೇರಿಗಳ ಹೆಸರು, ಮನೆತನಗಳ ನೆನಪು, ಉತ್ಸವದ ಮೆರವಣಿಗೆ ಸಾಗುವ ದಾರಿ ಇವೂ ಅದರ ಪದರಗಳಾಗಬೇಕು. ಯೊರುಬಾ ನಂಬಿಕೆಯಂತೆ ಜಗತ್ತು ಸೃಷ್ಟಿಯಾದ ಸ್ಥಳವಾದ ಇಲೆ-ಇಫೆ ಇಂದಿಗೂ ಜನ ಬಾಳುತ್ತಿರುವ ಊರು. ಅಲ್ಲಿ ಹೊಸ ಮನೆಯೊಂದರ ಪಾಯ ಹಳೆಯ ಕೋಟೆಯ ಗುರುತನ್ನು ಅಳಿಸಬಹುದು. ಹಿರಿಯರೊಬ್ಬರ ಸಾವು ಕೇರಿಯೊಂದರ ಕಥೆಯನ್ನೇ ಅಳಿಸಬಹುದು. ಮೊದಲನೆಯದನ್ನು ದಾಖಲಿಸಲು ಉಪಗ್ರಹವಿದೆ. ಎರಡನೆಯದಕ್ಕೆ ಆ ಭಾಷೆ ಬಲ್ಲ ಸ್ಥಳೀಯ ವಿದ್ವಾಂಸರೇ ಮನೆಮನೆಗೆ ಹೋಗಬೇಕು. ಹಣ ಹಂಚುವವರು ಮೊದಲನೆಯದರಷ್ಟೇ ಎರಡನೆಯದಕ್ಕೂ ಕೈ ಬಿಚ್ಚಬೇಕು.